ಒಕ್ಕಣ್ಣ ಹಿರಿಯನ ಹೊಲ

ಅರ್ಜಿಗೆ ಎಂಟಾಣೆಯ ಸ್ಟಾಂಪು. ಹುಡುಕಿಸುವುದಕ್ಕೆ ಒಂದು ರೂಪಾಯಿ. ನಕಲು ಬರೆಯುವವನಿಗೆ ಪುಟಕ್ಕೆ ನಾಲ್ಕಾಣೆ. ಕಟ್ಟು ಇಳಿಸಿ ಧೂಳು ಹೊಡೆಯುವ ಜವಾನನಿಗೆ ಯಾವ ಕಾನೂನಿನಲ್ಲೂ ಇಲ್ಲದ ಎರಡಾಣೆ, ಮೇಲೆ ಕಾಫಿ. ಸತ್ತು ನೂರು ವರ್ಷವಾದ ಸಿಪಾಯಿಯೊಬ್ಬನನ್ನು ಮೈಸೂರಿನಲ್ಲಿ ಎಬ್ಬಿಸಿ ಕೂರಿಸಬೇಕಾದರೆ ಇಷ್ಟು ಖರ್ಚು ಬೀಳುತ್ತಿತ್ತು. ಬದುಕಿರುವವನನ್ನು ಹುಡುಕಲು ಇದಕ್ಕಿಂತ ಕಡಿಮೆ ಸಾಕು ಎಂಬುದು ಪೋಲೀಸು ದಫೇದಾರನಾಗಿ ನಿವೃತ್ತಿಯಾಗಿದ್ದ ಚೆಲುವಯ್ಯನಿಗೆ ಚೆನ್ನಾಗಿ ಗೊತ್ತಿತ್ತು.

ದುಡ್ಡು ಅವನದಲ್ಲ, ಪಡುವಾರಹಳ್ಳಿಯ ದೇವಿರಮ್ಮನದು. ಮೊಸರು ಮಾರಿ ಕೂಡಿಟ್ಟ ದುಡ್ಡು. ಅದಕ್ಕೇ ಅವನು ದಫ್ತರಖಾನೆಯ ಬೆಂಚಿನ ಮೇಲೆ ಕೂತು ಮನಸ್ಸಿನಲ್ಲೇ ಎರಡು ಸಲ ಕೂಡಿ ನೋಡಿದ.

"ದಫೇದಾರ್ರೇ, ಅರ್ಜಿ ಆಮೇಲೆ ಕೊಡೀರಂತೆ," ಎಂದ ಜೋಸೆಫ್‌ರಾಜ್, ಕಟ್ಟಿನ ಗಂಟು ಬಿಚ್ಚುತ್ತಾ. "ಮೊದ್ಲು ನಿಮ್ಮ ಸಿಪಾಯಿ ಇದರೊಳಗೆ ಇದ್ದಾನೋ ಇಲ್ವೋ ನೋಡೋಣ. ಇಲ್ದೇ ಇದ್ರೆ ಸ್ಟಾಂಪು ದಂಡ."

ಜೋಸೆಫ್‌ರಾಜ್ ಹಳೆಯ ಕಾಗದಗಳನ್ನು ಕಾಯುವ ಗುಮಾಸ್ತ. ನಜರ್‌ಬಾದಿನವನು, ಐವತ್ತು ದಾಟಿದವನು. ಆ ದಿನ ಅವನ ಕೋಟಿನ ತೋಳಿನ ಮೇಲೆ ಮೇಣದ ಹನಿಗಳು ಒಣಗಿದ್ದವು. ಬೆಳಿಗ್ಗೆ ಇಗರ್ಜಿಯವರ ಸ್ಮಶಾನಕ್ಕೆ ಹೋಗಿ, ತಂದೆತಾಯಿಯ ಸಮಾಧಿಗೆ ಬತ್ತಿ ಹಚ್ಚಿಟ್ಟು, ಅಲ್ಲಿಂದ ನೇರವಾಗಿ ಕಚೇರಿಗೆ ಬಂದಿದ್ದ.

"ಇವತ್ತು ನಮ್ಮಲ್ಲಿ ಸತ್ತವರ ಹಬ್ಬ. ಬೆಳಿಗ್ಗೆ ನಮ್ಮ ಸತ್ತೋರು, ಈಗ ನಿಮ್ಮ ಸತ್ತೋರು. ಮಧ್ಯಾಹ್ನಕ್ಕಾದ್ರೂ ಒಬ್ಬ ಬದುಕಿರೋನ ಮುಖ ತೋರಿಸ್ತೀರಾ?"

"ನಾನಿದ್ದೀನಲ್ಲ."

"ನೀವು ಪಿಂಚಣಿಯೋರು. ನಿಮ್ಮನ್ನ ಎರಡು ಕಡೆಗೂ ಸೇರಿಸಬಹುದು."

ಹೊರಗೆ ಜಡಿಮಳೆ ಹಿಡಿದಿತ್ತು. ದಸರಾಕ್ಕೆ ಬಂದಿದ್ದ ಜನ ಹೊರಟುಹೋಗಿ, ಬೀದಿಯ ತೋರಣಗಳು ನೆನೆದು ಜೋತುಬಿದ್ದು, ಊರು ಮದುವೆ ಮುಗಿದ ಮನೆಯ ಹಾಗೆ ಕಾಣುತ್ತಿತ್ತು. ಆ ದಸರಾ ಗದ್ದಲದ ನಡುವೆಯೇ ದೇವಿರಮ್ಮನ ಪೆಟ್ಟಿಗೆಯಿಂದ ಅವಳ ಮನೆತನದ ಸನ್ನದು, ಅರಮನೆ ಕೊಟ್ಟ ಭೂಮಿಯ ಹಕ್ಕುಪತ್ರ, ಕಾಣೆಯಾಗಿತ್ತು. ಹುಡುಕಿಕೊಡು ಎಂದು ಅವಳು ಚೆಲುವಯ್ಯನನ್ನು ಕರೆದಿದ್ದಳು. ಕದ್ದವರು ಯಾರೆಂದು ಅವನಿಗೆ ಇನ್ನೂ ತಿಳಿದಿರಲಿಲ್ಲ.

ಜಗಳ ಇದ್ದದ್ದು ಯಾದವಗಿರಿಯ ಇಳಿಜಾರಿನ ಒಂದು ಕಲ್ಲುಹೊಲಕ್ಕೆ. ಬಂಗಲೆಗಳಿಗೆ ಸೈಟು ಅಳೆಯುತ್ತಾ ಬಂದ ಸರಪಣಿ ಅದರ ಬದುವಿನವರೆಗೆ ಬಂದು ನಿಂತಿತ್ತು. ಅದು ಯಾರದೂ ಅಲ್ಲದ ಸರ್ಕಾರಿ ಬೀಳು, ತನಗೆ ಕೊಡಬೇಕು ಎಂದು ಕಂಟ್ರಾಕ್ಟರ್ ಏಕಾಂತಯ್ಯ ಅರ್ಜಿ ಹಾಕಿದ್ದ. ಅಲ್ಲ, ನನ್ನ ಗಂಡನ ವಂಶಕ್ಕೆ ಅರಮನೆಯಿಂದ ಬಂದ ಭೂಮಿ ಎಂದು ದೇವಿರಮ್ಮ ಹೇಳಿಕೆ ಕೊಟ್ಟಿದ್ದಳು. ಬರುವ ಸೋಮವಾರ ಅಮಲ್ದಾರರ ಮುಂದೆ ವಿಚಾರಣೆ.

ಹೊಲದಲ್ಲಿ ಬೆಳೆಯುತ್ತಿದ್ದದ್ದು ಹುರುಳಿ, ಅದೂ ಮಳೆ ಮನಸ್ಸು ಮಾಡಿದ ವರ್ಷ. ಅವಳಿಗೆ ಬೇಕಾದದ್ದು ಹುರುಳಿಯಲ್ಲ. ಹೊಲದ ಮೂಡಲ ಮೂಲೆಯಲ್ಲಿ ಅವಳ ಗಂಡನನ್ನೂ, ಪ್ಲೇಗಿನಲ್ಲಿ ಹೋದ ಒಬ್ಬನೇ ಮಗನನ್ನೂ ಮಣ್ಣು ಮಾಡಿತ್ತು. ಗೆದ್ದರೆ ಆ ಮೂಲೆ ಉಳಿಯುತ್ತದೆ. ಸೋತರೆ ಅದರ ಮೇಲೆ ಯಾರದೋ ಮೋಟಾರು ಷೆಡ್ಡು ಏಳುತ್ತದೆ.

ಆ ಹೊಲಕ್ಕೆ ಎಲ್ಲರೂ ನೇತ್ರಕೊಡಗಿ ಎನ್ನುತ್ತಿದ್ದರು. ಕೊಡಗಿ ಎಂದರೆ ಸೇವೆಗೆ ಮೆಚ್ಚಿ ಬಿಟ್ಟುಕೊಟ್ಟ ಭೂಮಿ. ದೇವಿರಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಅವಳಿಗೆ ಕಥೆ ಹೇಳಿದ್ದಳು. ವಂಶದ ಹಿರಿಯ ಜವರಯ್ಯ ಪಿಂಡಾರಿಗಳ ಕಾಲದಲ್ಲಿ ಬಡಗಲ ಗಡಿ ಕಾಯಲು ಹೋದನಂತೆ. ಅಲ್ಲಿ ಒಂದು ಕಣ್ಣು ಹೋಯಿತಂತೆ. ಹೋದ ನೇತ್ರಕ್ಕೆ ಅರಮನೆಯವರು ಹೊಲ ಕೊಟ್ಟರಂತೆ. ಅದನ್ನು ಉಂಡು, ಮುದುಕನಾಗಿ, ಅಲ್ಲೇ ಮಣ್ಣಾದನಂತೆ.

ಹಿರಿಯರ ಹಬ್ಬದಲ್ಲಿ ಬೇರೆಯವರು ಕಳಶಕ್ಕೆ ಎರಡು ಕಣ್ಣು ಅಂಟಿಸಿದರೆ ಅವರ ಮನೆಯಲ್ಲಿ ಅಂಟಿಸುತ್ತಿದ್ದದ್ದು ಒಂದೇ ಬೆಳ್ಳಿ ಕಣ್ಣು. ಸನ್ನದು ಒಂದು ಬಿದಿರು ಕೊಳವೆಯಲ್ಲಿತ್ತು. ಅದನ್ನೂ ಆ ದಿನ ಕಳಶದ ಪಕ್ಕ ಇಟ್ಟು ಅರಿಶಿನ ಕುಂಕುಮ ಹಚ್ಚುತ್ತಿದ್ದರು. ನೂರು ವರ್ಷ ಆ ಕಾಗದಕ್ಕೆ ಪೂಜೆ ನಡೆದಿತ್ತು. ಓದಿದವರು ಮಾತ್ರ ಯಾರೂ ಇರಲಿಲ್ಲ.

"ಮೊದ್ಲು ದಂಡು," ಎಂದು ಜೋಸೆಫ್‌ರಾಜ್ ಮೊದಲನೆಯ ಕಟ್ಟಿನ ಹಾಳೆ ತಿರುವಿದ. "ಬಡಗಲ ಗಡಿ ಠಾಣ್ಯ. ಕಂದಾಚಾರದ ಆಳುಗಳು."

ಕಂದಾಚಾರದವರೆಂದರೆ ಹಳೆಯ ಕಾಲದ ರೈತರ ದಂಡು. ಮಳೆ ಬಂದರೆ ಉಳುವುದು, ಕರೆ ಬಂದರೆ ಕತ್ತಿ ಹಿಡಿಯುವುದು.

ಗುಮಾಸ್ತನ ಬೆರಳು ಹೆಸರುಗಳ ಮೇಲೆ ಇಳಿಯಿತು. "ಜವರ... ಇಲ್ಲೂ ಜವರ... ಇವನೂ ಜವರ. ಏನ್ರೀ ಇದು, ನಿಮ್ಮ ಕಡೆ ಒಂದೂರಿಗೆ ಎಷ್ಟು ಜನ ಜವರಯ್ಯಂದ್ರು?"

"ನಿಮ್ಮ ಕಡೆ ಒಂದು ಬೀದಿಗೆ ಎಷ್ಟು ಜನ ಜೋಸೆಫ್?"

"ಅದೂ ನಿಜ," ಎಂದು ಒಪ್ಪಿಕೊಂಡು ಅವನು ಇನ್ನೊಂದು ಹಾಳೆ ತಿರುವಿದ. "ಹ್ಞಾ, ಸಿಕ್ಕಿದ. ಪಡುವಾರಹಳ್ಳಿ ಜವರ. ನಿಮ್ಮೋನೇ. ಆದ್ರೆ ಹೆಸರಿನ ಮುಂದೆ ಸೊನ್ನೆ ಹಾಕಿದ್ದಾರೆ."

"ಸೊನ್ನೆ ಯಾಕೆ?"

"ಆ ತಿಂಗಳಿಂದ ಸಂಬಳ ಇಲ್ಲ ಅಂತ. ಗಾಯ ಆಗಿ ಮನೆಗೆ ಬಂದೋರಿಗೂ ಹಾಕ್ತಿದ್ರು, ಓಡಿಹೋದೋರಿಗೂ ಹಾಕ್ತಿದ್ರು. ಇದೊಂದರಿಂದ ಏನೂ ಹೇಳೋಕಾಗಲ್ಲ."

ಚೆಲುವಯ್ಯನಿಗೆ ಸಮಾಧಾನವೇ ಆಯಿತು. ಕಣ್ಣು ಹೋದ ಸಿಪಾಯಿಗೆ ಸಂಬಳ ನಿಂತಿದೆ. ಅತ್ತೆಯ ಕಥೆಗೂ ಇದಕ್ಕೂ ಸರಿಹೋಗುತ್ತದೆ. ಸನ್ನದು ಸಿಗದಿದ್ದರೂ ಇದರ ನಕಲು ತೋರಿಸಬಹುದು.

ಎರಡನೆಯ ಕಟ್ಟು ಭೂಮಿಯದು. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಜೋಸೆಫ್‌ರಾಜ್ ಅವನ್ನು ಹಸುಗೂಸಿನ ಕಣ್ಣು ಒರೆಸುವ ಹಾಗೆ ಬಿಡಿಸಿ, ಓದಿದ.

"ಪಡುವಾರಹಳ್ಳಿ ಎಲ್ಲೆ. ಕಂದಾಚಾರದ ಜವರನ ಬಾಬ್ತು. ನೆತ್ತರುಕೊಡಗಿ."

"ನೇತ್ರಕೊಡಗಿ," ಎಂದು ಚೆಲುವಯ್ಯ ತಿದ್ದಿದ.

"ನೆತ್ತರು."

"ನೇತ್ರ ಕಣ್ರೀ. ಅವನಿಗೆ ಕಣ್ಣು ಹೋಗಿತ್ತು."

"ಕಣ್ಣು ಹೋಗಿರೋದು ನಿಮಗೆ. ಇಲ್ನೋಡಿ. ತ ಕೆಳಗೆ ತ ಒತ್ತು, ಪಕ್ಕದಲ್ಲಿ ರು. ನೇತ್ರ ಆಗಿದ್ರೆ ತ ಕೆಳಗೆ ರ ಒತ್ತು ಇರ್ಬೇಕಿತ್ತು. ಇದು ನೆತ್ತರು. ರಕ್ತ."

ಚೆಲುವಯ್ಯ ಕನ್ನಡಕ ಏರಿಸಿ, ಬಗ್ಗಿ ನೋಡಿದ. ಬರೆದವನ ಕೈ ದುಂಡಗಿತ್ತು, ಮಸಿ ಮಾಸಿರಲಿಲ್ಲ. ತಪ್ಪು ಓದಲು ಜಾಗವೇ ಇರಲಿಲ್ಲ.

"ಕಣ್ಣಿಗೆ ಏಟು ಬಿದ್ರೂ ನೆತ್ತರು ಬರುತ್ತಲ್ಲ," ಎಂದ. ತನ್ನ ಮಾತನ್ನು ತಾನೇ ನಂಬಲಿಲ್ಲ.

ಜೋಸೆಫ್‌ರಾಜ್ ನಗಲಿಲ್ಲ. ಹಿಂದಕ್ಕೂ ಮುಂದಕ್ಕೂ ಒಂದಷ್ಟು ಹಾಳೆ ತಿರುವಿ ತೋರಿಸಿದ. "ಇಲ್ಲೊಂದಿದೆ. ಇಲ್ಲೊಂದು. ಗಾಯ ಆದೋರಿಗೆ ರೊಕ್ಕ ಕೊಟ್ಟು ಕಳಿಸೋರು, ಅದು ಬೇರೆ ಬಾಬ್ತು. ನೆತ್ತರುಕೊಡಗಿ ಅಂತ ಭೂಮಿ ಬಿಡ್ತಿದ್ದದ್ದು ಒಂದಕ್ಕೇ. ಆಳು ಕಾಳಗದಲ್ಲಿ ಸತ್ರೆ, ಅವನ ಮನೆಯೋರಿಗೆ."

ಜವಾನ ಎಲ್ಲೋ ಬಾಗಿಲು ಎಳೆದುಕೊಂಡ.

ಜವರಯ್ಯ ಗಡಿಯಿಂದ ಬಂದೇ ಇರಲಿಲ್ಲ. ಹಾಗಾದರೆ ಒಂದು ಕಣ್ಣು ಕಳೆದುಕೊಂಡು ಬಂದು, ಆ ಹೊಲ ಉಂಡು, ಮುದುಕನಾಗಿ ಸತ್ತವನು ಯಾರು?

"ನಕಲು ಬರೆಸ್ಲಾ?" ಎಂದು ಜೋಸೆಫ್‌ರಾಜ್ ಕೇಳಿದ.

"ಬೇಡಿ. ಕಟ್ಟು ಮೇಲಿಟ್ಬುಡಿ. ನಾನು ನೋಡಿಲ್ಲ, ನೀವು ಇಳಿಸಿಲ್ಲ."

"ಇವತ್ತಿನ ದಿನ ನನ್ನ ಬಾಯಲ್ಲಿ ಸುಳ್ಳು ಹೇಳಿಸ್ತೀರಲ್ಲ ದಫೇದಾರ್ರೇ."

"ಯಾರಾದ್ರೂ ಕೇಳಿದ್ರೆ ತಾನೆ ಸುಳ್ಳು."

"ಕೇಳಿದ್ರೆ ಹೇಳ್ಬುಡ್ತೀನಿ ಮತ್ತೆ."

"ಹೇಳಿ. ಕೇಳೋ ತನಕ ಸುಮ್ನಿರಿ, ಅಷ್ಟೇ," ಎಂದು ಚೆಲುವಯ್ಯ ಕೊಡೆ ಬಿಚ್ಚಿಕೊಂಡು ಹೊರಬಿದ್ದ.

ಬೀದಿಗೆ ಬಂದು ನೂರು ಹೆಜ್ಜೆ ಹಾಕಿರಲಿಲ್ಲ, ಜಟಕಾ ಒಂದು ಪಕ್ಕದಲ್ಲಿ ನಿಂತಿತು. ಒಳಗಿಂದ ಕಂಟ್ರಾಕ್ಟರ್ ಏಕಾಂತಯ್ಯನ ಜರಿಪೇಟ ಹೊರಗೆ ಬಂತು, ಹಿಂದೆಯೇ ಅವನ ನಗು.

"ಏನು ದಫೇದಾರ್ರೇ, ಸನ್ನದು ಸಿಕ್ತಾ?"

"ಸಿಕ್ಕಿದ್ರೆ ನಿಮಗೆ ಹೇಳ್ತೀನಾ?"

"ಹೇಳ್ಬೇಕು. ಅದು ಸಿಗ್ಲಿ ಅಂತ ನಾನೇ ಹರಕೆ ಹೊತ್ತಿದ್ದೀನಿ. ಮುಖ ಕಾಣದ ಕಾಗದದ ಜೊತೆ ಎಂಗ್ರೀ ಜಗಳ ಆಡೋದು? ಹೋದ ವಿಚಾರಣೆಯಲ್ಲಿ ಆಯಮ್ಮ ಕಣ್ಣೀರು ಹಾಕಿದ್ಲು, ಅಮಲ್ದಾರರು ಪಾಪ ಅಂದ್ರು. ಕಾಗದ ಇಲ್ದೇ ಇದ್ರೆ ಕಣ್ಣೀರೇ ದಸ್ತಾವೇಜು ಆಗೋಯ್ತದೆ."

ಜಟಕಾ ಮುಂದಕ್ಕೆ ಹೋಯಿತು. ಚೆಲುವಯ್ಯ ನಿಂತಲ್ಲೇ ನಿಂತ. ಕೊಡೆಯ ಕಡ್ಡಿಯಿಂದ ನೀರು ಅವನ ಹೆಗಲಿಗೆ ಸುರಿಯುತ್ತಿದ್ದರೂ ಅವನಿಗೆ ಅರಿವಾಗಲಿಲ್ಲ.

ಅವನು ಇಷ್ಟು ದಿನ ಏಕಾಂತಯ್ಯನ ಹಿಂದೆ ಬಿದ್ದಿದ್ದ. ಸನ್ನದು ಇಲ್ಲವಾದರೆ ಲಾಭ ಅವನಿಗೆ, ಆದ್ದರಿಂದ ಕದ್ದವನು ಅವನೇ ಎಂಬ ನೇರ ಲೆಕ್ಕ. ಈಗ ಲೆಕ್ಕ ತಲೆಕೆಳಗಾಗಿತ್ತು.

ಒಕ್ಕಣ್ಣ ಜವರಯ್ಯ ಬದುಕಿ ಬಂದು ಹೊಲ ಉಂಡ ಎಂದು ದೇವಿರಮ್ಮ ಹೇಳಿಕೆ ಕೊಟ್ಟಿದ್ದಳು. ಬರೆಸಿದವನು ಚೆಲುವಯ್ಯನೇ, ಕೆಳಗೆ ಅವಳ ಹೆಬ್ಬೆಟ್ಟಿತ್ತು. ಸನ್ನದು ಬಯಲಾದರೆ ಆ ಹೇಳಿಕೆ ಸುಳ್ಳಾಗುತ್ತದೆ. ಬಯಲಾಗದಿದ್ದರೆ ನೂರು ವರ್ಷ ಉತ್ತವರ ಮಾತು, ಊರ ಹಿರಿಯರ ಸಾಕ್ಷಿ, ಅಷ್ಟೇ ಉಳಿಯುತ್ತದೆ. ಅದರಿಂದ ಅನುಕೂಲ ಅವಳಿಗೇ. ಏಕಾಂತಯ್ಯನ ಕೈಗೆ ಆ ಕಾಗದ ಸಿಕ್ಕಿದ್ದರೆ ಅವತ್ತೇ ಅಮಲ್ದಾರರ ಮೇಜಿನ ಮೇಲೆ ಇರುತ್ತಿತ್ತು.

ಕದ್ದವನು ದೇವಿರಮ್ಮನ ವೈರಿಯಲ್ಲ. ಅವಳು ಗೆಲ್ಲಲಿ ಎಂದು ಬಯಸಿದವನು. ಓದಲು ಬಲ್ಲವನು.

ಆಗ ಅವನಿಗೆ ಪೆಟ್ಟಿಗೆ ನೆನಪಾಯಿತು. ಬೀಗ ಒಡೆಯುವುದಿರಲಿ, ಅದರ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ. ಕಾಗದ ತೆಗೆದ ಮೇಲೆ ಕಳ್ಳ ಕೊಳವೆಯ ಬಿರಡೆ ಮುಚ್ಚಿ, ಅದನ್ನು ಮತ್ತೆ ಒಳಗಿಟ್ಟಿದ್ದ. ಇಟ್ಟದ್ದು ಹೇಗೆ? ಅರಿಶಿನ ಕುಂಕುಮ ಹಚ್ಚಿದ ಬದಿ ಮೇಲೆ ಬರುವ ಹಾಗೆ. ಹೊರಗಿನ ಕಳ್ಳನಿಗೆ ಕೊಳವೆಗೆ ಮೇಲು ಕೆಳಗು ಎಲ್ಲಿಂದ ಬರಬೇಕು? ಅದನ್ನು ಹಾಗೆ ಇಡುವುದು ಹುಟ್ಟಿದಂದಿನಿಂದ ಅದಕ್ಕೆ ಅಡ್ಡಬಿದ್ದ ಕೈ.

ಅಂಥ ಕೈ ಆ ಮನೆತನದಲ್ಲಿ ಉಳಿದದ್ದು ಒಂದೇ. ಚೆಲುವಯ್ಯ ಅರಮನೆಯ ಮೂಡಲಿಗೆ ತಿರುಗಿ ಅಚ್ಚುಕೂಟದ ದಾರಿ ಹಿಡಿದ. ಅಷ್ಟು ವರ್ಷದ ಚಾಕರಿಯಲ್ಲಿ ಕಳ್ಳ ಯಾರೆಂದು ಗೊತ್ತಾದ ಕೂಡಲೇ ಅವನ ಕಾಲು ಚುರುಕಾಗುತ್ತಿತ್ತು. ಈ ದಿನ ಆಗಲಿಲ್ಲ.

ಬಸವರಾಜು ದೇವಿರಮ್ಮನ ಮೈದುನನ ಮಗ. ಚಿಕ್ಕಂದಿನಲ್ಲೇ ತಂದೆತಾಯಿ ಹೋಗಿ, ಅವಳ ಕೈಯಲ್ಲೇ ಬೆಳೆದವನು. ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದರಿಂದ ಈಗ ಊಟವೂ ದೊಡ್ಡವ್ವನ ಮನೆಯಿಂದಲೇ. ನಜರ್‌ಬಾದಿನ ಒಂದು ಸಂದಿಯಲ್ಲಿದ್ದ ಅಚ್ಚುಕೂಟದಲ್ಲಿ ಅವನದು ಅಕ್ಷರದ ಸೀಸದ ಮೊಳೆ ಜೋಡಿಸುವ ಕೆಲಸ.

ಮಿಕ್ಕವರು ಊಟಕ್ಕೆ ಹೋಗಿದ್ದರು. ಅವನೊಬ್ಬನೇ ಕಿಟಕಿಯ ಹತ್ತಿರ ನಿಂತು, ಮೊಳೆಯ ಮನೆಗಳಿಂದ ಒಂದೊಂದೇ ಅಕ್ಷರ ಹೆಕ್ಕಿ ಕೈಯಲ್ಲಿದ್ದ, ಸಾಲು ಕಟ್ಟುವ ಕಡ್ಡಿಗೆ ಸೇರಿಸುತ್ತಿದ್ದ.

"ಯಾರದಪ್ಪ ಮದುವೆ?" ಎಂದು ಚೆಲುವಯ್ಯ ಕೇಳಿದ.

"ಬನ್ನಿ ಚೆಲುವಯ್ಯನೋರೆ. ಮದುವೆ ಎಲ್ಲಿ ಬಂತು, ವೈಕುಂಠ ಸಮಾರಾಧನೆ ಕಾಗದ. ಇವತ್ತಿಂದು ಮೂರನೇದು."

"ಇವತ್ತು ಎಲ್ಲಿಗೆ ಹೋದ್ರೂ ಅದೇ." ಚೆಲುವಯ್ಯ ಕೊಡೆಯನ್ನು ಮೂಲೆಗೆ ಒರಗಿಸಿ, ಕಾಗದದ ಹೊರೆಯ ಮೇಲೆ ಕೂತ. "ಒಂದು ವಿಷಯ ಕೇಳಣ ಅಂತ ಬಂದೆ. ಅಕ್ಷರದ್ದು. ನೇತ್ರ ಅಂತ ಜೋಡಿಸೋಕೂ ನೆತ್ತರು ಅಂತ ಜೋಡಿಸೋಕೂ ಒಂದೇ ಮೊಳೆ ಸಾಕಾ?"

ಬಸವರಾಜುವಿನ ಬೆರಳು ಮೊಳೆಯ ಮನೆಯೊಳಗೆ ನಿಂತುಹೋಯಿತು. ಹೊರಗೆ ಎಳೆದುಕೊಳ್ಳಲೂ ಇಲ್ಲ, ಹೆಕ್ಕಲೂ ಇಲ್ಲ.

"ಸಾಕಾಗಲ್ಲ," ಎಂದ ಕೊನೆಗೆ. ಆಮೇಲೆ, "ಯಾರು ಹೇಳಿದ್ರು ನಿಮಗೆ?"

"ಅರ್ಧ ಸರ್ಕಾರಿ ಕಟ್ಟು ಹೇಳ್ತು. ಇನ್ನರ್ಧ ನೀನು ಈಗ ಹೇಳ್ದೆ."

ಅವನು ಕಡ್ಡಿಯನ್ನು ಮೆಲ್ಲಗೆ ಕೆಳಗಿಟ್ಟ. ಮುಖದಲ್ಲಿ ಸಿಕ್ಕಿಬಿದ್ದ ಕಳ್ಳನ ಗಾಬರಿ ಇರಲಿಲ್ಲ. ಹೊತ್ತ ಹೊರೆಯನ್ನು ಯಾರಾದರೂ ಇಳಿಸಿಕೊಳ್ಳುತ್ತಾರೆಯೇ ಎಂದು ಕಾದು ಸೋತವನ ಹಾಗಿತ್ತು.

"ದೊಡ್ಡವ್ವಂಗೆ ಹೇಳ್ಬುಟ್ರಾ?"

"ಇಲ್ಲ."

"ಹೇಳ್ಬೇಡಿ."

"ಯಾವತ್ತು ತೆಗೆದೆ?"

"ಹಿರಿಯರ ಹಬ್ಬದ ದಿನ ಓದ್ದೆ. ಎಡೆ ಇಟ್ಟು ಬಾಗಿಲು ಹಾಕ್ಕೊಂಡು ಹೊರಗೆ ಕೂರ್ತೀವಲ್ಲ, ಆಗ ನಾನು ಒಳಗೇ ಉಳ್ಕೊಂಡೆ. ವಕೀಲರಿಗೆ ಕೊಡೋಕೆ ಮುಂಚೆ ಒಂದ್ಸಲ ಓದಣ ಅಂತ ಆಸೆ, ಅಷ್ಟೇ. ನಮ್ಮ ಹಿರೀಕನ ಹೆಸರು ಅರಮನೆ ಕಾಗದದಲ್ಲಿ ಎಂಗೆ ಬರೆದವ್ರೆ ನೋಡಣ ಅಂತ." ಅವನು ಒಣನಗೆ ನಕ್ಕ. "ಓದಿ ವಾಪಸ್ಸು ಇಟ್ಟೆ. ನಿದ್ದೆ ಬರ್ಲಿಲ್ಲ. ದಸರಾದಲ್ಲಿ ಅವರು ಮೆರವಣಿಗೆ ನೋಡೋಕೆ ಹೋದಾಗ ತೆಗೆದ್ಬುಟ್ಟೆ."

"ಅವರಿಗೇ ಹೇಳಬಹುದಿತ್ತಲ್ಲೋ."

"ಹೇಳಿದ್ರೆ? ನಿಮಗೆ ಗೊತ್ತಿಲ್ವಾ ಅವರು? ಮೊಸರಿಗೆ ನೀರು ಜಾಸ್ತಿ ಬಿದ್ದ ದಿನ ಗಿರಾಕಿ ಕೇಳೋಕೆ ಮುಂಚೆ ತಾವೇ ಹೇಳಿ ಕಾಸು ಕಮ್ಮಿ ತಗೊಳ್ಳೋರು. ತಲೆ ಮೇಲಿನ ಗಡಿಗೆ ಇಳಿಸಿ ಸೀದಾ ಕಚೇರಿಗೆ ಹೋಗಿ, ಬುದ್ಧೀ, ನಮ್ಮದು ತಪ್ಪು ಅಂದ್ಬುಡೋರು. ಆಮೇಲೆ ಆ ಮೂಲೆ ಗತಿ ಏನು? ನಮ್ಮ ದೊಡ್ಡಪ್ಪ ಅಲ್ಲೇ ಅವ್ರೆ. ಅಣ್ಣ ಅಲ್ಲೇ ಅವ್ನೆ."

ಚೆಲುವಯ್ಯ ತಲೆದೂಗಿದ. ತಪ್ಪು ಮಾಡಿದವರ ಮಾತಿಗೆ ತಲೆದೂಗಬಾರದೆಂದು ಇನ್‌ಸ್ಪೆಕ್ಟರುಗಳು ಅವನಿಗೆ ಎಷ್ಟೋ ಸಲ ಹೇಳಿದ್ದರು. ಅವನಿಗೆ ಆ ವಿದ್ಯೆ ಹತ್ತಿರಲಿಲ್ಲ.

"ಇಷ್ಟಕ್ಕೆ ಹೆದರೋದೇನಿದೆ ಬಸವರಾಜು?" ಎಂದ. "ಜವರಯ್ಯ ಗಡಿಯಲ್ಲಿ ಸತ್ತ, ಸರಿ. ಹೋಗೋಕೆ ಮುಂಚೆ ಅವನಿಗೊಂದು ಮಗು ಇದ್ದಿರ್ಬೇಕು. ನೀವು ಅದರ ವಂಶ. ಕಣ್ಣಿನ ಕಥೆ ಯಾರೋ ಅಜ್ಜಿ ಕಟ್ಟಿದ್ದು, ಹೆಸರು ತಪ್ಪಿ ಕೇಳಿಸ್ಕೊಂಡು. ಹೇಳಿಕೆ ತಿದ್ದಿಸಿದ್ರಾಯ್ತು. ಹೊಲ ನಿಮಗೇ ನಿಲ್ಲುತ್ತೆ."

"ನೀವು ಕಟ್ಟಿನಲ್ಲಿ ಆ ಒಂದು ಪದ ನೋಡಿದ್ದೀರಿ. ಸನ್ನದಿನ ಕೆಳಗಿನ ಭಾಗ ನೋಡಿಲ್ಲ."

ಅವನು ಬಗ್ಗಿ, ಮೊಳೆಯ ಮನೆಗಳಲ್ಲಿ ಎಲ್ಲಕ್ಕಿಂತ ಕೆಳಗಿನದನ್ನು ಎಳೆದ. ಯಾರೂ ಬಳಸದ ಹಳೆಯ ಅಕ್ಷರಗಳ ಅಡಿಯಿಂದ ಬಟ್ಟೆಯಲ್ಲಿ ಸುತ್ತಿದ ಸುರುಳಿ ಹೊರಬಂತು. ಕೈಯನ್ನು ಪಂಚೆಗೆ ಚೆನ್ನಾಗಿ ಒರೆಸಿಕೊಂಡು ಆಮೇಲೆ ಬಿಚ್ಚಿದ. ಕಾಗದ ದಪ್ಪಗಿತ್ತು, ಅಂಚಿನಲ್ಲಿ ಅರಿಶಿನದ ಕಲೆ ಹತ್ತಿತ್ತು.

ಕಲ್ಲು ಎಣಿಸುವವನ ಹಾಗೆ ಬಸವರಾಜು ಓದಿದ.

"'ಪಡುವಾರಹಳ್ಳಿ ಕಂದಾಚಾರದ ಜವರನು ಬಡಗಲ ಗಡಿಯಲ್ಲಿ ಬಿದ್ದುದರಿಂದ ಅವನ ನೆತ್ತರಿಗೆ ಬಿಟ್ಟ ಕೊಡಗಿ. ಇದು ಅವನ ಮಗ ಕರಿಯನಿಗೂ, ಕರಿಯನ ಮಕ್ಕಳು ಮೊಮ್ಮಕ್ಕಳಿಗೂ ನಡೆಯುವುದು. ಕರಿಯನು ತಾಯಿಯಿಲ್ಲದ ಕೂಸಾದ್ದರಿಂದ, ಜವರನು ಬಿದ್ದುದನ್ನು ಕಣ್ಣಾರೆ ಕಂಡು ಬಂದು ಆಣೆಯಿಟ್ಟು ಹೇಳಿದ ಒಕ್ಕಣ್ಣ ಸಿದ್ದನು, ಕೂಸು ಪ್ರಾಯಕ್ಕೆ ಬರುವ ತನಕ ಕೂಸನ್ನೂ ಹೊಲವನ್ನೂ ನೋಡಿಕೊಂಡು ಬರತಕ್ಕದ್ದು.'"

ಮಳೆ ಹೆಂಚಿನ ಮೇಲೆ ಒಂದೇ ಸಮ ಬೀಳುತ್ತಿತ್ತು.

"ಸಿದ್ದ," ಎಂದ ಚೆಲುವಯ್ಯ.

"ಒಕ್ಕಣ್ಣ ಸಿದ್ದ. ಅವನೇ ಆಮೇಲೆ ಒಕ್ಕಣ್ಣ ಜವರಯ್ಯ ಆದ. ಹೊಲಕ್ಕೆ ಜವರಯ್ಯನ ಹೊಲ ಅಂತ ಹೆಸರಿತ್ತು. ಅದರೊಳಗೆ ಇದ್ದೋನೂ ಜವರಯ್ಯ ಆಗೋದ."

"ಕರಿಯ ದೊಡ್ಡೋನಾಗಿರ್ಬಹುದು. ನೀವು ಅವನ ಮಕ್ಕಳೇ ಇರ್ಬಹುದು."

"ನಾನೂ ಅಂಗೇ ಅಂದ್ಕೊಂಡೆ. ಎರಡು ದಿನ ಅದನ್ನೇ ನಂಬಿದ್ದೆ." ಬಸವರಾಜು ಬೆರಳು ಮಡಿಚತೊಡಗಿದ. "ನಮ್ಮಲ್ಲಿ ತಾತನ ಹೆಸರು ಮೊಮ್ಮಗನಿಗೆ ಇಡ್ತೀವಿ. ಬಿಡೋಂಗಿಲ್ಲ. ದೊಡ್ಡಪ್ಪ ಸಿದ್ದಯ್ಯ. ಅವರ ತಾತ ಸಿದ್ದಯ್ಯ. ನಮ್ಮಣ್ಣ, ಪ್ಲೇಗಿನಲ್ಲಿ ಹೋದೋನು, ಬಸವಯ್ಯ. ಅವನ ತಾತ ಬಸವಯ್ಯ. ಇಷ್ಟೇ ಎರಡು ಹೆಸರು ತಿರುಗಾ ಮುರುಗಾ. ಕರಿಯ ಅನ್ನೋ ಹೆಸರು ನಮ್ಮ ಮನೆಯಲ್ಲಿ ಯಾರೂ ಕೂಗಿಲ್ಲ. ಜವರಯ್ಯ ಅಂತಾನೂ ಆಮೇಲೆ ಯಾರಿಗೂ ಇಟ್ಟಿಲ್ಲ. ಆಡೋ ಬಾಯಿಗೆ ಸುಳ್ಳು ಹೇಳ್ಕೊಟ್ರು, ಹೆಸರಿಡೋ ಬಾಯಿಗೆ ಹೇಳ್ಕೊಡೋಕಾಗ್ಲಿಲ್ಲ."

ಚೆಲುವಯ್ಯನ ಮನಸ್ಸು ಮಾತ್ರ ಬೇರೆ ಕಡೆ ನಿಂತಿತ್ತು. ಹಳೆಯ ಪೋಲೀಸಿನ ಮನಸ್ಸು. ಅದು ಕಾಗದದ ಒಂದೇ ಸಾಲನ್ನು ಹಿಡಿದು ಬಿಡದೆ ಜಗ್ಗುತ್ತಿತ್ತು.

"ಜವರ ಬಿದ್ದದ್ದನ್ನ ಕಂಡೋರು ಇನ್ಯಾರಾದ್ರೂ ಅಂತ ಬರೆದಿದೆಯಾ?"

"ಇಲ್ಲ. ಅವನೊಬ್ಬನೇ."

ಒಬ್ಬನು ಸತ್ತನೆಂದು ಹೇಳಿದವನು ಒಬ್ಬನೇ. ಸತ್ತವನ ಹೊಲ, ಸತ್ತವನ ಮಗು ಎರಡೂ ಹೋದದ್ದು ಆ ಹೇಳಿದವನ ಕೈಗೆ. ಠಾಣೆಯಲ್ಲಾಗಿದ್ದರೆ ಮೊದಲ ಪ್ರಶ್ನೆ ಯಾವುದೆಂದು ಹೊಸ ಕಾನ್‌ಸ್ಟೇಬಲಿಗೂ ಗೊತ್ತಿರುತ್ತಿತ್ತು. ಅದನ್ನು ಚೆಲುವಯ್ಯ ಆ ಹುಡುಗನ ಮುಖ ನೋಡಿ ಬಾಯಿಗೆ ತರಲಿಲ್ಲ.

"ಸೋಮವಾರ ಕಳೀಲಿ," ಎಂದ. "ಕಾಗದ ಎಲ್ಲಿತ್ತೋ ಅಲ್ಲೇ ಇಡು. ದೇವಿರಕ್ಕನಿಗೆ ಏನೂ ಗೊತ್ತಿಲ್ಲ. ಗೊತ್ತಿಲ್ದೋರು ಹೇಳಿದ್ದು ಸುಳ್ಳಾಗಲ್ಲ. ಹಿರಿಯರು ನಾಲ್ಕು ಜನ ಸಾಕ್ಷಿ ಹೇಳ್ತಾರೆ. ಆ ಮೂಲೆ ಉಳೀಲಿ. ಆಮೇಲೆ ನೋಡ್ಕೊಳ್ಳೋಣ."

"ಗೊತ್ತಾಯ್ತಲ್ಲ ಚೆಲುವಣ್ಣ," ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

ದೇವಿರಮ್ಮ ಹೊಸ್ತಿಲ ಆಚೆ ನಿಂತಿದ್ದಳು. ತಲೆಯ ಮೇಲೆ ಗೋಣಿಕೊಪ್ಪೆ, ಕೈಯಲ್ಲಿ ಬಟ್ಟೆ ಕಟ್ಟಿದ ಊಟದ ಪಾತ್ರೆ. ಸೀರೆಯ ಅಂಚಿನಿಂದ ನೀರು ಸೋರಿ ಕಾಲ ಕೆಳಗೆ ನಿಂತಿತ್ತು. ಆ ನೀರು ನೋಡಿದರೆ ಬಂದು ಬಹಳ ಹೊತ್ತಾಗಿತ್ತು.

"ದೊಡ್ಡವ್ವ..."

"ಮುದ್ದೆ ಆರೋಯ್ತದೆ. ಉಣ್ಣು."

"ದೊಡ್ಡವ್ವ, ನಾನು..."

"ಉಣ್ಣು ಅಂದೆ." ಅವಳು ಒಳಗೆ ಬಂದು ಪಾತ್ರೆಯನ್ನು ಅವನ ಮುಂದಿಟ್ಟಳು. ಬೈಯಲಿಲ್ಲ, ಮುಟ್ಟಲೂ ಇಲ್ಲ. ಗೋಣಿ ತೆಗೆದು ಮಡಿಸಿ, ಗೋಡೆಗೆ ಒರಗಿ ಕೂತಳು. "ಉಂಡಮೇಲೆ ಅದನ್ನ ಇನ್ನೊಂದ್ಸಲ ಓದು. ಮಳೆ ಸದ್ದಿಗೆ ಕೂಸಿನ ಹೆಸರು ಸರಿಯಾಗಿ ಕೇಳಿಸ್ಲಿಲ್ಲ."

ಬಸವರಾಜು ಎರಡು ತುತ್ತು ನುಂಗಿದ. ಮೂರನೆಯದನ್ನು ಪಾತ್ರೆಯಲ್ಲೇ ಬಿಟ್ಟ. ಎಡಗೈಯಲ್ಲಿ ಕಾಗದ ಹಿಡಿದು, ಬಲಗೈ ಎಂಜಲನ್ನು ದೂರಕ್ಕೆ ಚಾಚಿ, ಮೊದಲಿಂದ ಕೊನೆಯವರೆಗೆ ಓದಿದ. ಅವಳು ಕಣ್ಣು ಮುಚ್ಚಿ ಕೇಳಿದಳು.

"ಕರಿಯ," ಎಂದಳು. "ತಾಯಿ ಇಲ್ಲದ ಕೂಸು." ಆಮೇಲೆ ಕಣ್ಣು ತೆರೆದು, "ಚೆಲುವಣ್ಣ, ನಾನು ಈ ಮನೆಗೆ ಬಂದಾಗಿಂದ ಎಡೆ ಇಟ್ಟಿದ್ದು ಯಾರಿಗೆ?"

ಅವನು ಸುಳ್ಳು ಹೇಳಬಹುದಾಗಿತ್ತು. ಅವಳ ಎದುರಿಗೆ ನಾಲಿಗೆ ಹೊರಳಲಿಲ್ಲ. "ಒಕ್ಕಣ್ಣ ಸಿದ್ದನಿಗೆ, ಅಕ್ಕಯ್ಯ."

"ಸತ್ತೋನಿಗೆ ಯಾರು ಇಟ್ರು?"

"ಯಾರೂ ಇಟ್ಟಂಗೆ ಕಾಣಲ್ಲ."

ಅವಳು ಕೈ ನೀಡಿದಳು. ಬಸವರಾಜು ಸನ್ನದನ್ನು ಕೊಟ್ಟ. ಓದಲು ಬಾರದ ಅವಳು ಅದನ್ನು ತಿರುಗಿಸಿ ನೋಡಿ, ಸುತ್ತಿ, ಸೆರಗಿನ ಒಳಗೆ ಇಟ್ಟುಕೊಂಡಳು.

"ಅಕ್ಕಯ್ಯ, ಸೋಮವಾರ ಅದನ್ನ ತೋರಿಸಿದ್ರೆ ಹೊಲ ಯಾರದೂ ಅಲ್ಲದ ಬೀಳು ಅಂತಾಗಿ ಏಕಾಂತಯ್ಯ ಗೆದ್ದಂಗೆ," ಎಂದ ಚೆಲುವಯ್ಯ. "ನಿಮ್ಮ ಯಜಮಾನರು, ನಿಮ್ಮ ಮಗ ಮಲಗಿರೋ ಜಾಗ. ನೂರು ವರ್ಷದ ಹಿಂದಿನ ತಪ್ಪಿಗೆ ನೀವ್ಯಾಕೆ ದಂಡ ಕಟ್ಟಬೇಕು?"

"ಇಲ್ಲಿ ತನಕ ಗೊತ್ತಿರ್ಲಿಲ್ಲ, ಕಟ್ಲಿಲ್ಲ. ಈಗ ಯಾವ ಬಾಯಲ್ಲಿ ನಮ್ಮದು ಅನ್ಲಿ?" ಅವಳ ದನಿ ಏರಲಿಲ್ಲ. "ಕಳ್ಳನ್ನ ಹುಡುಕು ಅಂತ ನಿನ್ನ ಕರೆದೆ. ನನ್ನ ಮನೆಯಲ್ಲೇ ಹಿಡ್ಕೊಟ್ಟೆ. ಈಗ ಇನ್ನೊಂದು ಕೆಲಸ ಮಾಡು. ಆ ಕೂಸನ್ನ ಹುಡುಕು."

"ನೂರು ವರ್ಷದ ಮೇಲಾಯ್ತಲ್ಲ ಅಕ್ಕಯ್ಯ."

"ಸಿಪಾಯಿ ಸಿಕ್ಲಿಲ್ವಾ? ಕೂಸು ಬದುಕಿದ್ದಿದ್ರೆ ಅದಕ್ಕೆ ಮಕ್ಕಳು ಮರಿ ಇರ್ತಾರೆ ಎಲ್ಲಾದ್ರೂ. ಹೊಲ ಅವರದ್ದು. ಅದನ್ನ ಅವರಿಗೆ ಕೊಟ್ಬುಟ್ಟು, ಒಂದು ಮೂಲೆ ನನಗೆ ಬಿಡಿ ಅಂತ ಕೈ ಮುಗಿದು ಕೇಳ್ತೀನಿ. ಕೊಟ್ರೂ ಕೊಡ್ತಾರೆ."

ಅಷ್ಟು ಹೊತ್ತು ತಲೆ ಬಗ್ಗಿಸಿ ಕೂತಿದ್ದ ಬಸವರಾಜು ಕೇಳಿಯೇಬಿಟ್ಟ. "ಬದುಕಿಲ್ದೇ ಇದ್ದಿದ್ರೆ?"

ದೇವಿರಮ್ಮ ಗೋಡೆ ಹಿಡಿದು ಎದ್ದಳು. ಗೋಣಿಕೊಪ್ಪೆಯನ್ನು ತಲೆಗೆ ಹಾಕಿಕೊಂಡಳು. ಹೊಸ್ತಿಲಲ್ಲಿ ನಿಂತು, ಹಿಂದಕ್ಕೆ ತಿರುಗದೆ ಹೇಳಿದಳು.

"ಬದುಕಿಲ್ದೇ ಇದ್ದಿದ್ರೆ ದೂರ ಎಲ್ಲೂ ಹೋಗಿರಲ್ಲ ಕಣೋ. ಆ ಹೊಲದಲ್ಲೇ ಎಲ್ಲೋ ಇರ್ತದೆ. ಅಗೆಸು."

ಅವಳು ಮಳೆಗೆ ಇಳಿದು ಹೋದಳು. ಬಸವರಾಜು ಎಂಜಲು ಕೈಯಲ್ಲೇ ಕೂತಿದ್ದ.

ಆ ಮಧ್ಯಾಹ್ನ ಚೆಲುವಯ್ಯನಿಗೆ ಕಳ್ಳನೂ ಸಿಕ್ಕಿದ, ಸನ್ನದೂ ಸಿಕ್ಕಿತು. ದೇವಿರಮ್ಮ ಸೋಮವಾರದ ಕೇಸನ್ನು ಕಳೆದುಕೊಂಡಳು. ಮದುವೆಯಾಗಿ ಬಂದಂದಿನಿಂದ ಎಡೆಯಿಟ್ಟು ಬಂದ ಹಿರಿಯನನ್ನೂ ಕಳೆದುಕೊಂಡಳು.